ಹೊಸ್ತಿಲಲ್ಲೇ ಮಾತಾಡುವ ಕಂಪ್ಯೂಟರು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪೇಟೆಯಿಂದ ಒಳಗೆ ಸರಿದಿರುವ ನಮ್ಮ ಮನೆಯಲ್ಲಿ ಮಳೆಗಾಲದ ಕರೆಂಟಿನ ಮೇಲೆ ಯಾರೂ ನಂಬಿಕೆ ಇಡುವುದಿಲ್ಲ. ಗಾಳಿಗೆ ಅಡಿಕೆಯ ಸೋಗೆಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ಮನೆಯೆಲ್ಲ ಕತ್ತಲೆಯಾಗುತ್ತದೆ. ಕತ್ತಲೆಯಿಂದ ನನಗೆ ಈಗ ಹೆಚ್ಚಿನ ತೊಂದರೆಯಿಲ್ಲ. ತೊಂದರೆ ಶುರುವಾಗುತ್ತಿದ್ದುದು ಕರೆಂಟು ಮರಳಿ ಬಂದ ಮೇಲೆ. ಕಂಪ್ಯೂಟರಿನ ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು, ಆಮೇಲೆ ಏನೂ ಕೇಳುತ್ತಿರಲಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ನನ್ನ ಬಳಿ ಇತ್ತು. ಆದರೆ ಅದನ್ನು ತೆರೆಯುವುದಕ್ಕೆ ಪರದೆ ಕಾಣಬೇಕಿತ್ತು. 2022ರ ಮಳೆಗಾಲದಲ್ಲಿ ಈ ಒಂದು ತೊಡಕನ್ನು ಬಿಡಿಸಲು, ಅಂದರೆ ನಾನು ಕರೆಯದೆಯೇ ಆ ತಂತ್ರಾಂಶ ತಾನಾಗಿ ತೆರೆದುಕೊಳ್ಳುವಂತೆ ಮಾಡಲು, ನಾನು ಪಟ್ಟ ಪಾಡನ್ನು ಇಲ್ಲಿ ಬರೆದಿದ್ದೇನೆ. ಗೊತ್ತಿದ್ದವರಿಗೆ ಇದು ಹತ್ತು ನಿಮಿಷದ ಕೆಲಸ. ನನಗೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಗ್ಲಾಕೋಮಾ ಇದೆಯೆಂದು ಮಂಗಳೂರಿನ ಆಸ್ಪತ್ರೆಯಲ್ಲಿ ಗೊತ್ತಾಗುವ ಹೊತ್ತಿಗೆ ಎರಡೂ ಕಣ್ಣುಗಳ ಅಂಚಿನ ನೋಟ ಹೋಗಿಯಾಗಿತ್ತು. ಈ ಕಾಯಿಲೆಯಲ್ಲಿ ಹೋದ ನೋಟ ಮರಳುವುದಿಲ್ಲ, ಹನಿ ಔಷಧ ಉಳಿದದ್ದನ್ನು ಕಾಯುತ್ತದೆ ಅಷ್ಟೆ. ನನ್ನ ಪಾಲಿಗೆ ಉಳಿದದ್ದೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂತು. ಮೊದಲು ವಿಂಡೋಸ್‌ನೊಳಗೇ ಇರುವ ಮ್ಯಾಗ್ನಿಫೈಯರ್ ಬಳಸುತ್ತಿದ್ದೆ. ವಿಂಡೋಸ್ ಕೀಲಿಯ ಜೊತೆ ಕೂಡಿಸುವ ಚಿಹ್ನೆ ಒತ್ತಿದರೆ ಅಕ್ಷರ ಹಿಗ್ಗುತ್ತಿತ್ತು. ಸೈನ್ ಇನ್ ಆದ ಕೂಡಲೇ ಅದು ತಾನಾಗಿ ತೆರೆದುಕೊಳ್ಳಲಿ ಎಂಬ ಆಯ್ಕೆಯೂ ಅದರ ಸೆಟ್ಟಿಂಗಿನಲ್ಲಿ ಇದೆ. ಆಗ ಅಷ್ಟಿಷ್ಟು ಕಾಣುತ್ತಿದ್ದುದರಿಂದ ಆ ಚೌಕಕ್ಕೆ ಗುರುತು ಹಾಕಲು ನನಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಕಣ್ಣಿದ್ದಾಗ ಒಂದು ನಿಮಿಷ, ಕಣ್ಣು ಸೋತಾಗ ಎರಡು ತಿಂಗಳು ಎಂಬ ಈ ಲೆಕ್ಕ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಹಿಗ್ಗಿಸಿದ ಅಕ್ಷರವೂ ಕೈಕೊಟ್ಟ ಮೇಲೆ, ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಎನ್‌ವಿಡಿಎ ಎಂಬ ಪರದೆವಾಚಕವನ್ನು ಒಂದು ಪೆನ್‌ಡ್ರೈವಿಗೆ ಹಾಕಿ ತಂದುಕೊಟ್ಟ. ಇದು ಉಚಿತ, ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಬರೆಯಲು ತೊಡಗಿದ; ಅವನಂತೆಯೇ ಕಣ್ಣು ಕಾಣದ ಜೇಮ್ಸ್ ಟೆ ಆಮೇಲೆ ಜೊತೆಗೂಡಿದ. ಕಂಪ್ಯೂಟರಿಗಿಂತ ಅದನ್ನು ಓದಿಸುವ ತಂತ್ರಾಂಶಕ್ಕೇ ಹೆಚ್ಚು ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಅವರಿಬ್ಬರೂ ಅದನ್ನು ಪುಕ್ಕಟೆಯಾಗಿ ಕೊಡಬೇಕೆಂದು ಹೊರಟರು. ಇದರೊಳಗಿನ ಇಸ್ಪೀಕ್ ಎಂಬ ಧ್ವನಿಯಂತ್ರ ಕನ್ನಡವನ್ನೂ ಓದುತ್ತದೆ. ದನಿ ಮೂಗಿನಿಂದ ಬಂದಂತೆ ಇದೆ, ಒತ್ತಕ್ಷರ ಬಂದಲ್ಲಿ ಕೆಲವೊಮ್ಮೆ ತಡವರಿಸುತ್ತದೆ, ಆದರೂ ಮೂರು ದಿನದಲ್ಲಿ ಕಿವಿ ಒಗ್ಗಿಕೊಂಡಿತು. ಹಿಂದೆ ನಾನು ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಒದರುತ್ತದೆ; ಆ ಗೋಳಿನದು ಬೇರೆಯೇ ಕಥೆ.

ಅಳಿಯ ತಂದದ್ದು ಪೋರ್ಟಬಲ್ ಪ್ರತಿ. ಅಂದರೆ ಕಂಪ್ಯೂಟರಿನೊಳಗೆ ಬೇರೂರದೆ ಪೆನ್‌ಡ್ರೈವಿನಿಂದಲೇ ಓಡುವಂಥದು. ಎಲ್ಲಿಗೆ ಬೇಕಾದರೂ ಕಿಸೆಯಲ್ಲಿ ಹಾಕಿಕೊಂಡು ಹೋಗಬಹುದು, ಯಾರ ಕಂಪ್ಯೂಟರಿಗೂ ಚುಚ್ಚಬಹುದು ಎಂದು ಅವನು ಅದನ್ನು ದೊಡ್ಡ ಅನುಕೂಲವೆಂದು ಹೇಳಿದ. ಮನೆಯ ಜಗಲಿಯಿಂದ ಆಚೆಗೆ ಹೆಚ್ಚಾಗಿ ಹೋಗದ ನನಗೆ ಆ ಅನುಕೂಲದಿಂದ ಏನು ಪ್ರಯೋಜನ ಎಂದು ಆಗ ಕೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ. ಕಂಪ್ಯೂಟರು ತೆರೆದ ಮೇಲೆ ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ರನ್ ಪೆಟ್ಟಿಗೆಯಲ್ಲಿ ಪೆನ್‌ಡ್ರೈವಿನ ಅಕ್ಷರ, ಕೋಲನ್, ಓರೆಗೆರೆ, ಕಡತಕೋಶದ ಹೆಸರು, ಮತ್ತೆ ಓರೆಗೆರೆ, ತಂತ್ರಾಂಶದ ಹೆಸರು, ಇಷ್ಟನ್ನೂ ತಪ್ಪಿಲ್ಲದೆ ಟೈಪ್ ಮಾಡಿ ಎಂಟರ್ ಒತ್ತಬೇಕು ಎಂದು ಕಲಿಸಿದ. ಐವತ್ತು ಸಲ ಅಭ್ಯಾಸ ಮಾಡಿದೆ. ಕಾಣದೆ, ಕೇಳದೆ ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೂ ಒಂದು ಸಣ್ಣ 'ಡಿಂಗ್' ಸದ್ದು ಬರುತ್ತಿತ್ತು. ಯಾವ ಅಕ್ಷರ ತಪ್ಪಿತು ಎಂದು ಹೇಳುವವರು ಯಾರೂ ಇರಲಿಲ್ಲ. ಮಕ್ಕಳು ಇನ್ನೊಂದು ಪೆನ್‌ಡ್ರೈವು ಚುಚ್ಚಿಟ್ಟು ಹೋದ ದಿನ ನನ್ನದಕ್ಕೆ 'ಇ' ಹೋಗಿ 'ಎಫ್' ಎಂಬ ಅಕ್ಷರ ಬಂದಿರುತ್ತಿತ್ತು. ಆ ದಿನ ಎಷ್ಟು ಸಲ ಸರಿಯಾಗಿ ಟೈಪ್ ಮಾಡಿದರೂ ಡಿಂಗ್ ಎಂಬ ಸದ್ದೇ ಉತ್ತರ.

ದಿನಕ್ಕೆ ಒಂದು ಸಲವಾದರೆ ಸಹಿಸಬಹುದಿತ್ತು. ನಮ್ಮ ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಜೂನ್ ತಿಂಗಳಲ್ಲಿ ಬೆಳಗಿನ ಹೊತ್ತೇ ಮೂರು ಸಲ ಕರೆಂಟು ಹೋದರೆ ಮೂರು ಸಲವೂ ಈ ಪೂಜೆ ಮೊದಲಿನಿಂದ. ಕೊನೆಗೆ ನಾನು ಮಾಡುತ್ತಿದ್ದುದೇನೆಂದರೆ, ಕಂಪ್ಯೂಟರಿನ ಗುಂಡಿ ಒತ್ತಿ, ಅಡಿಗೆಮನೆಯಿಂದ ಹೆಂಡತಿ ಕೈ ಒರೆಸಿಕೊಂಡು ಬರುವವರೆಗೆ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿರುವುದು. ಆಕೆ ಬಂದು ಎರಡು ಸಲ ಇಲಿ ಒತ್ತಿ ಹೋಗುವಳು, ಮಾತು ಶುರುವಾಗುವುದು. ಆಕೆ ಒಂದು ದಿನವೂ ಬೇಸರ ತೋರಿಸಿದವಳಲ್ಲ. ನನಗೇ ಬೇಸರವಾಗುತ್ತಿತ್ತು.

ಅಳಿಯನಿಗೆ ಫೋನು ಮಾಡಿದಾಗ ಅವನು ಸ್ಟಾರ್ಟಪ್ ಫೋಲ್ಡರಿನ ದಾರಿ ಹೇಳಿದ. ರನ್ ಪೆಟ್ಟಿಗೆಯಲ್ಲಿ 'ಶೆಲ್', ಕೋಲನ್, 'ಸ್ಟಾರ್ಟಪ್' ಎಂದು ಒಟ್ಟಾಗಿ ಟೈಪ್ ಮಾಡಿದರೆ ಒಂದು ಕಡತಕೋಶ ತೆರೆಯುತ್ತದೆ. ಅದರೊಳಗೆ ಯಾವ ತಂತ್ರಾಂಶದ ಶಾರ್ಟ್‌ಕಟ್ ಇಟ್ಟರೂ ನಾವು ಸೈನ್ ಇನ್ ಆದಾಗಲೆಲ್ಲ ವಿಂಡೋಸ್ ಅದನ್ನು ತಾನೇ ತೆರೆಯುತ್ತದೆ. ಎನ್‌ವಿಡಿಎ ಮಾತಾಡುತ್ತಿರುವಾಗ ಇದನ್ನು ಮಾಡುವುದು ಕಷ್ಟವಾಗಲಿಲ್ಲ. ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲೇ ಬಿಟ್ಟು, ಅದರ ಶಾರ್ಟ್‌ಕಟ್ಟನ್ನು ಮಾತ್ರ ಸ್ಟಾರ್ಟಪ್ ಕೋಶದಲ್ಲಿ ಅಂಟಿಸಿದೆ. ಮರುದಿನ ಬೆಳಿಗ್ಗೆ ಪಾಸ್‌ವರ್ಡ್ ಹಾಕಿ ಕಾದರೆ ಕನ್ನಡದ ದನಿ ತಾನಾಗಿ ಎದ್ದು ಬಂತು. ಅಂದು ಕಾಫಿಯ ರುಚಿಯೇ ಬೇರೆ. ಆದರೆ ಶಾರ್ಟ್‌ಕಟ್ ಎಂದರೆ ವಿಳಾಸದ ಚೀಟಿ ಮಾತ್ರ, ಮನುಷ್ಯ ಆ ವಿಳಾಸದಲ್ಲಿ ಇರಬೇಕು. ಪೆನ್‌ಡ್ರೈವಿನ ಅಕ್ಷರ ಬದಲಾದ ದಿನ, ಅಥವಾ ಮೊಮ್ಮಕ್ಕಳು ಅದನ್ನು ಕಿತ್ತು ಫೋಟೋ ತುಂಬಿಸಿಕೊಳ್ಳಲು ಒಯ್ದ ದಿನ, ವಿಂಡೋಸ್ ಆ ವಿಳಾಸಕ್ಕೆ ಹೋಗಿ ಯಾರೂ ಸಿಗದೆ ಪರದೆಯ ಮೇಲೆ ಏನೋ ದೂರು ಬರೆದು ಸುಮ್ಮನಾಗುತ್ತಿತ್ತು. ಆ ದೂರನ್ನು ನನಗೆ ಓದಿ ಹೇಳಬೇಕಾಗಿದ್ದವನೇ ಅಂದು ಗೈರು.

ಹಾಗಾದರೆ ತಂತ್ರಾಂಶದೊಳಗೇ ಇದಕ್ಕೊಂದು ಆಯ್ಕೆ ಇರಬೇಕಲ್ಲ ಎಂದು ಅನ್ನಿಸಿತು. ಇದೆ ಎಂದು ಅಳಿಯನೂ ಹೇಳಿದ. ಎನ್‌ವಿಡಿಎ ಕೀಲಿಯ (ಅದಕ್ಕೆ ಅಪ್ಪಣೆ ಕೊಡುವಾಗ ಹಿಡಿಯುವ ಕೀಲಿ) ಜೊತೆ ಕಂಟ್ರೋಲ್ ಮತ್ತು ಜಿ ಒತ್ತಿದರೆ ಸಾಮಾನ್ಯ ಸೆಟ್ಟಿಂಗು ತೆರೆಯುತ್ತದೆ. ಟ್ಯಾಬ್ ಒತ್ತುತ್ತ ಹೋದರೆ 'ನಾನು ಸೈನ್ ಇನ್ ಆದ ಮೇಲೆ ಎನ್‌ವಿಡಿಎ ಶುರುವಾಗಲಿ' ಎಂಬ ಅರ್ಥದ ಚೌಕ ಸಿಗುತ್ತದೆ, ಸ್ಪೇಸ್ ಒತ್ತಿದರೆ ಗುರುತು ಬೀಳುತ್ತದೆ, ಅಷ್ಟೆ ಎಂದ. ನಾನು ಟ್ಯಾಬ್ ಒತ್ತಿದೆ. ಭಾಷೆ ಬಂತು. ಮುಚ್ಚುವಾಗ ಸೆಟ್ಟಿಂಗು ಉಳಿಸುವ ಚೌಕ ಬಂತು. ತೆರೆಯುವಾಗಲೂ ಮುಚ್ಚುವಾಗಲೂ ಸದ್ದು ಮಾಡುವ ಚೌಕ ಬಂತು. ಲಾಗಿಂಗ್ ಲೆವೆಲ್ ಎಂಬುದು ಬಂತು. ಅದಾದ ಮೇಲೆ ನೇರವಾಗಿ ಹೊಸ ಆವೃತ್ತಿ ಬಂದಿದೆಯೇ ಎಂದು ತಾನಾಗಿ ನೋಡುವ ಚೌಕಕ್ಕೆ ಹಾರಿತು. ಮತ್ತೆ ಮೊದಲಿನಿಂದ ಒತ್ತಿದೆ. ಮತ್ತೆ ಅಲ್ಲಿಂದ ಅಲ್ಲಿಗೇ ಹಾರಿತು. ಶಿಫ್ಟ್ ಹಿಡಿದು ಹಿಂದಕ್ಕೆ ಒತ್ತಿ ನೋಡಿದೆ, ಅದೂ ಅಷ್ಟೆ. ಅಳಿಯ ಫೋನಿನಲ್ಲಿ, ತನ್ನ ಕಂಪ್ಯೂಟರಿನ ಮುಂದೆ ಕುಳಿತು, "ಇದೆ ಮಾವ, ಲಾಗಿಂಗ್ ಲೆವೆಲ್ ಆದ ಕೂಡಲೇ ಇದೆ, ನನ್ನ ಕಣ್ಣೆದುರೇ ಇದೆ" ಎನ್ನುತ್ತಿದ್ದ. ನಾನು "ಇಲ್ಲ" ಎನ್ನುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ, ಇದ್ದದ್ದನ್ನು ಇಲ್ಲ ಎನ್ನುವ ಹುಡುಗನ ಜಾಗದಲ್ಲಿ ನಿಲ್ಲುವುದು ಹೊಸ ಅನುಭವ. ಒಂದು ವಾರ ಹೀಗೇ ಕಳೆಯಿತು. ನನ್ನ ಕಿವಿಯೂ ಹೋಗತೊಡಗಿದೆಯೇ ಎಂಬ ಅನುಮಾನ ನನಗೇ ಬಂದಿತ್ತು.

ಗಂಟು ಬಿಡಿಸಿದವಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸಿನಲ್ಲಿ, ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆಯಲ್ಲಿ. ಹಾಗಾಗಿ ಅವಳಿಗೆ ವಿಂಡೋಸ್ ಅಷ್ಟು ಬಳಕೆಯಿಲ್ಲ, ಎನ್‌ವಿಡಿಎಯಂತೂ ಗೊತ್ತೇ ಇರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತು ಪರದೆ ನೋಡುತ್ತಿದ್ದವಳು, "ಅಜ್ಜಾ, ಅಲ್ಲೊಂದು ಚೌಕ ಇದೆ, ಆದರೆ ಬೂದಿ ಬಣ್ಣದಲ್ಲಿದೆ" ಎಂದಳು. ಟ್ಯಾಬ್ ಒತ್ತಿದಾಗ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ ಎಂದೂ ಹೇಳಿದಳು.

ಆ ಒಂದು ಮಾತಿನಿಂದ ಎಲ್ಲ ತಿಳಿಯಿತು. ಸೈನ್ ಇನ್ ಆದ ಮೇಲೆ ತಾನಾಗಿ ತೆರೆಯುವ ಸೌಲಭ್ಯ ಕಂಪ್ಯೂಟರಿನಲ್ಲಿ ಸ್ಥಾಪಿಸಿದ ಪ್ರತಿಗೆ ಮಾತ್ರ ಇರುವಂಥದು. ಪೆನ್‌ಡ್ರೈವಿನ ಪ್ರತಿಯಲ್ಲಿ ಆ ಚೌಕವನ್ನು ನಿಷ್ಕ್ರಿಯಗೊಳಿಸಿರುತ್ತಾರೆ. ನಿಷ್ಕ್ರಿಯವಾದ ಚೌಕ ನೋಡುವವನಿಗೆ ಬೂದಿ ಬಣ್ಣದಲ್ಲಿ ಕಾಣಿಸುತ್ತದೆ, 'ಇಲ್ಲಿ ಒಂದು ಬಾಗಿಲಿದೆ, ಸದ್ಯಕ್ಕೆ ಮುಚ್ಚಿದೆ' ಎಂದು ಅವನಿಗೆ ಗೊತ್ತಾಗುತ್ತದೆ, ಯಾಕೆ ಮುಚ್ಚಿದೆ ಎಂದು ಅವನು ಯೋಚಿಸಬಲ್ಲ. ಟ್ಯಾಬ್ ಒತ್ತುತ್ತ ಹೋಗುವವನಿಗೆ ಅಲ್ಲಿ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಕುರುಡರೇ ಕುರುಡರಿಗಾಗಿ ಬರೆದ ತಂತ್ರಾಂಶದಲ್ಲೂ ಹೀಗಾಗಿದೆಯಲ್ಲ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ತಪ್ಪು ಅವರದ್ದೆಂದು ಹೇಳಲಾರೆ, ನಿಷ್ಕ್ರಿಯ ಚೌಕವನ್ನು ಟ್ಯಾಬ್ ದಾಟಿ ಹೋಗುವುದು ವಿಂಡೋಸ್‌ನ ಹಳೆಯ ಪದ್ಧತಿ. ಆದರೂ 'ಈ ಆಯ್ಕೆ ಪೋರ್ಟಬಲ್ ಪ್ರತಿಯಲ್ಲಿ ಸಿಗದು' ಎಂದು ಒಂದು ಸಾಲು ಅಲ್ಲೇ ಕೇಳಿಸಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಸ್ಥಾಪಿಸುವುದು ಸುಲಭದ್ದೇ. ಎನ್‌ವಿಡಿಎಯ ಪರಿಕರಗಳ ಮೆನುವಿನಲ್ಲಿ ಅದಕ್ಕೆ ಆಯ್ಕೆಯಿದೆ. ಪೆನ್‌ಡ್ರೈವಿನಲ್ಲಿ ನಾನು ಹೊಂದಿಸಿಕೊಂಡಿದ್ದ ಕನ್ನಡ ದನಿ, ವೇಗ ಮೊದಲಾದವನ್ನು ನನ್ನ ಖಾತೆಗೆ ನಕಲು ಮಾಡುವ ಚೌಕಕ್ಕೆ ಗುರುತು ಹಾಕಿದೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟಿಗೂ ಹಾಕಿದೆ. ಅದರಿಂದ ಕಂಟ್ರೋಲ್, ಆಲ್ಟ್, ಎನ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಎನ್‌ವಿಡಿಎಯನ್ನು ಕರೆಯಬಹುದು. ಸೈನ್ ಇನ್ ಪರದೆಯಲ್ಲೇ ಅದು ಮಾತಾಡಬೇಕೇ ಎಂಬ ಇನ್ನೊಂದು ಚೌಕವೂ ಅಲ್ಲಿತ್ತು, ಗುರುತು ಮೊದಲೇ ಬಿದ್ದಿತ್ತು. ಆ ಕಂಪ್ಯೂಟರಿನಲ್ಲಿ ಮಕ್ಕಳದೂ ಒಂದು ಖಾತೆಯಿದೆ; ಅವರು ತೆರೆಯುವಾಗಲೂ ಇದು ಬಾಯಿ ಹಾಕುವುದು ಬೇಡವೆಂದು ಆ ಗುರುತನ್ನು ತೆಗೆದೆ. ಅದು ತಪ್ಪಾಯಿತೆಂದು ಆಮೇಲೆ ತಿಳಿಯಿತು. ಮುಂದುವರಿಸು ಎಂದು ಒತ್ತಿದ ಕೂಡಲೇ ದನಿ ನಿಂತುಹೋಯಿತು.

ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ. ಕೀಲಿ ಒತ್ತಿದರೆ ಉತ್ತರವಿಲ್ಲ. ಅಳಿಯ ಫೋನಿನಲ್ಲಿ ನಕ್ಕು, "ವಿಂಡೋಸ್ ಅನುಮತಿ ಕೇಳುತ್ತಿದೆ ಮಾವ, ಆ ಪರದೆಯೊಳಗೆ ಪೆನ್‌ಡ್ರೈವಿನ ಎನ್‌ವಿಡಿಎಗೆ ಪ್ರವೇಶವಿಲ್ಲ. ಆಲ್ಟ್ ಹಿಡಿದು ವೈ ಒತ್ತಿ" ಎಂದ. ಕಂಪ್ಯೂಟರಿನಲ್ಲಿ ಏನನ್ನಾದರೂ ಸ್ಥಾಪಿಸಹೊರಟಾಗ ವಿಂಡೋಸ್ ಉಳಿದೆಲ್ಲವನ್ನೂ ಹಿಂದಕ್ಕೆ ಸರಿಸಿ ಒಂದು ಸುರಕ್ಷಿತ ಪರದೆಯನ್ನು ಮುಂದೆ ತರುತ್ತದೆ; ಕಳ್ಳ ತಂತ್ರಾಂಶಗಳು ನಮ್ಮ ಪರವಾಗಿ ಹೌದು ಎನ್ನದಿರಲಿ ಎಂದು ಮಾಡಿದ ಏರ್ಪಾಡು ಅದು. ಕಳ್ಳನ ಜೊತೆಗೆ ನನ್ನ ಊರುಗೋಲೂ ಹೊರಗುಳಿದಿತ್ತು. ಆಲ್ಟ್ ಮತ್ತು ವೈ ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಸ್ಥಾಪನೆ ಮುಗಿಯಿತೆಂದು ಅದೇ ಮೂಗಿನ ದನಿ ಹೇಳಿತು. ಸಾಮಾನ್ಯ ಸೆಟ್ಟಿಂಗಿಗೆ ಹೋಗಿ ಟ್ಯಾಬ್ ಒತ್ತುತ್ತ ಬಂದರೆ ಲಾಗಿಂಗ್ ಲೆವೆಲ್ ಆದ ಕೂಡಲೇ ಆ ಚೌಕ ಸಿಕ್ಕಿತು. ಸ್ಪೇಸ್ ಒತ್ತುವ ಮೊದಲು ಒಂದೆರಡು ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಅದು ನಿಜವಾಗಿಯೂ ಅಲ್ಲಿದೆಯೆಂದು ಖಾತ್ರಿ ಮಾಡಿಕೊಂಡೆ.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಎನ್‌ವಿಡಿಎ ತೆರೆಯುವಾಗ ಏರುವ ಸ್ವರದ ಸಣ್ಣ ಸದ್ದೊಂದು ಬರುತ್ತದೆ, ಮುಚ್ಚುವಾಗ ಇಳಿಯುವ ಸ್ವರ ಬರುತ್ತದೆ. ನಾನು ಸೈನ್ ಇನ್ ಆದ ಮೇಲೆ ಏರುವ ಸ್ವರ ಕೇಳಿ, ದನಿ ಎರಡು ಮಾತಾಡಿ, ಇಳಿಯುವ ಸ್ವರ ಕೇಳಿ, ಮೌನವಾಗಿ, ಮತ್ತೆ ಏರುವ ಸ್ವರ ಕೇಳುತ್ತಿತ್ತು. ಎದ್ದು, ಬಿದ್ದು, ಮತ್ತೆ ಏಳುತ್ತಿದ್ದ ಇದರ ಕಾರಣ ಹುಡುಕಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ ಎಂಬುದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಸ್ಟಾರ್ಟಪ್ ಕೋಶದಲ್ಲಿ ನಾನು ಹಿಂದೆ ಅಂಟಿಸಿದ್ದ ಶಾರ್ಟ್‌ಕಟ್ ಇನ್ನೂ ಅಲ್ಲೇ ಇತ್ತು, ಪೆನ್‌ಡ್ರೈವೂ ಚುಚ್ಚಿಕೊಂಡೇ ಇತ್ತು. ಎನ್‌ವಿಡಿಎ ಒಮ್ಮೆ ಓಡುತ್ತಿರುವಾಗ ಇನ್ನೊಂದು ಸಲ ತೆರೆದರೆ ಹಳೆಯದು ಮುಚ್ಚಿ ಹೊಸದು ಬರುತ್ತದೆ. ಸ್ಥಾಪಿಸಿದ ಪ್ರತಿ ಮೊದಲು ಎದ್ದು, ಪೆನ್‌ಡ್ರೈವಿನ ಪ್ರತಿ ಬಂದು ಅದನ್ನು ಎಬ್ಬಿಸಿ ಕಳುಹಿಸಿ ತಾನು ಕೂರುತ್ತಿತ್ತು. ಶಾರ್ಟ್‌ಕಟ್ಟನ್ನು ಅಳಿಸಿದೆ, ಪೆನ್‌ಡ್ರೈವನ್ನು ಕಿತ್ತು ಮೇಜಿನ ಸೆಳೆಖಾನೆಯಲ್ಲಿಟ್ಟೆ.

ಉಳಿದದ್ದು ನಿಧಾನದ ಪ್ರಶ್ನೆ. ಪಾಸ್‌ವರ್ಡ್ ಒತ್ತಿದಲ್ಲಿಂದ ದನಿ ಬರುವವರೆಗೆ ನಾನು ಮನಸ್ಸಿನಲ್ಲೇ ಎಣಿಸಿದರೆ ಎಪ್ಪತ್ತು ದಾಟುತ್ತಿತ್ತು. ಹಳೆಯ ಹಾರ್ಡ್ ಡಿಸ್ಕು, ಅದರ ಮೇಲೆ ಸೈನ್ ಇನ್ ಆದ ಕೂಡಲೇ ಎಲ್ಲ ತಂತ್ರಾಂಶಗಳೂ ಒಟ್ಟಿಗೆ ನುಗ್ಗುತ್ತಿದ್ದವು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟಪ್ ಪುಟದಲ್ಲಿ ಯಾವುದು ತಾನಾಗಿ ತೆರೆಯುತ್ತದೆ, ಅದರಿಂದ ಎಷ್ಟು ಭಾರ ಬೀಳುತ್ತದೆ ಎಂಬ ಪಟ್ಟಿ ಇದೆ. ನನಗೆ ಗೊತ್ತೇ ಇಲ್ಲದ ಏಳೆಂಟು ಹೆಸರುಗಳು ಅಲ್ಲಿದ್ದವು. ಪ್ರಿಂಟರಿನದ್ದೊಂದು, ಆ ಪ್ರಿಂಟರು ಮನೆಯಿಂದ ಹೋಗಿ ನಾಲ್ಕು ವರ್ಷವಾಗಿತ್ತು. ಮಕ್ಕಳ ಯಾವುದೋ ಆಟದ್ದೊಂದು. ಹೆಚ್ಚಿನವನ್ನೆಲ್ಲ ನಿಷ್ಕ್ರಿಯಗೊಳಿಸಿದೆ. ಎಣಿಕೆ ನಲವತ್ತಕ್ಕೆ ಇಳಿಯಿತು. ಡಿಸ್ಕನ್ನು ಬದಲಿಸಿ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ಎಣಿಸುವುದನ್ನು ಬಿಟ್ಟೆ.

ಹೀಗೆ ಸೈನ್ ಇನ್ ಆದ ನಂತರದ ಮೌನ ಮುಗಿಯಿತು. ಸೈನ್ ಇನ್ ಆಗುವ ಮೊದಲಿನ ಮೌನ ಮಾತ್ರ ಹಾಗೆಯೇ ಇತ್ತು. ಪಾಸ್‌ವರ್ಡನ್ನು ಮೌನದಲ್ಲೇ ಹೊಡೆಯುವುದು ಅಷ್ಟೇನೂ ಕಷ್ಟವಲ್ಲ, ಬೆರಳಿಗೆ ಅಭ್ಯಾಸವಿದೆ ಎಂದುಕೊಂಡಿದ್ದೆ. ಆದರೆ ವಾರದಲ್ಲಿ ಒಂದೆರಡು ದಿನ, ಏನು ಮಾಡಿದರೂ ಒಳಕ್ಕೆ ಬಿಡುತ್ತಿರಲಿಲ್ಲ. ಹೆಂಡತಿ ಬಂದು ನೋಡಿದರೆ ಪಾಸ್‌ವರ್ಡ್ ತಪ್ಪು ಎಂದು ಬರೆದಿದೆ ಎನ್ನುತ್ತಿದ್ದಳು. ಆಕೆ ಅದನ್ನೇ ಹೊಡೆದರೂ ತಪ್ಪು. ಯಂತ್ರವನ್ನು ಆರಿಸಿ ಮತ್ತೆ ತೆರೆದರೆ ಸರಿ.

ಪೇಟೆಯಿಂದ ಬಂದ ರಿಪೇರಿಯ ಹುಡುಗನೊಬ್ಬ ಪಾಸ್‌ವರ್ಡನ್ನೇ ತೆಗೆದುಬಿಡೋಣ, ಗುಂಡಿ ಒತ್ತಿದರೆ ನೇರ ಒಳಗೆ ಹೋಗುತ್ತದೆ ಎಂದ. ಅದಕ್ಕೆ ದಾರಿ ಇರುವುದು ನಿಜ, ನನ್ನಂಥವರಿಗೆ ಅದು ಎಲ್ಲಕ್ಕಿಂತ ಸುಲಭ ಎಂಬುದೂ ನಿಜ. ಆದರೆ ಬ್ಯಾಂಕು, ಪಿಂಚಣಿ ಎಲ್ಲವೂ ಅದೇ ಯಂತ್ರದೊಳಗಿವೆ. ಕಣ್ಣು ಕಾಣದವನ ಮನೆಗೆ ಬೀಗ ಯಾಕೆ ಎಂದು ಕೇಳಿದಂತೆ ನನಗೆ ಕೇಳಿಸಿತು. ಬೇಡವೆಂದೆ.

ಪಾಸ್‌ವರ್ಡ್ ತಪ್ಪಾಗುತ್ತಿದ್ದ ಕಾರಣ ಒಂದು ರಾತ್ರಿ ಮಲಗಿದ್ದಾಗ ಹೊಳೆಯಿತು. ಎನ್‌ವಿಡಿಎಯ ಎಲ್ಲ ಅಪ್ಪಣೆಗಳಿಗೂ ಒಂದು ಮೂಲ ಕೀಲಿ ಬೇಕು. ರೂಢಿಯಂತೆ ಅದು ಇನ್ಸರ್ಟ್. ಬಯಸಿದರೆ ಕ್ಯಾಪ್ಸ್ ಲಾಕನ್ನೂ ಹಾಗೆ ಬಳಸಬಹುದು. ಎಡಗೈಯ ಕಿರುಬೆರಳಿಗೆ ಹತ್ತಿರವೆಂದು ನಾನು ಕ್ಯಾಪ್ಸ್ ಲಾಕನ್ನು ಆರಿಸಿದ್ದೆ. ಕ್ಯಾಪ್ಸ್ ಲಾಕ್ ಹಿಡಿದು ಎಫ್12 ಒತ್ತಿದರೆ ದನಿ ಗಂಟೆ ಎಷ್ಟೆಂದು ಹೇಳುತ್ತದೆ. ದನಿ ಎಚ್ಚರವಾಗಿದೆಯೇ ಎಂದು ನೋಡಲು ನಾನು ಆಗಾಗ ಒತ್ತುವುದೂ ಅದನ್ನೇ, ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದ ಹಾಗೆ. ಸೈನ್ ಇನ್ ಪರದೆಯ ಮೌನದಲ್ಲಿ ಕಾದು ಕುಳಿತಾಗಲೂ ಬೆರಳು ತನ್ನಷ್ಟಕ್ಕೆ ಅದನ್ನು ಒತ್ತುತ್ತಿತ್ತು. ಎನ್‌ವಿಡಿಎ ಓಡುತ್ತಿದ್ದರೆ ಆ ಕೀಲಿ ಅದರ ಕೈಗೆ ಹೋಗುತ್ತದೆ, ದೊಡ್ಡಕ್ಷರ ಬೇಕಾದರೆ ಬೇಗಬೇಗ ಎರಡು ಸಲ ಒತ್ತಬೇಕು. ಎನ್‌ವಿಡಿಎ ಇಲ್ಲದಲ್ಲಿ ಅದು ಬರಿಯ ಕ್ಯಾಪ್ಸ್ ಲಾಕ್. ಒಮ್ಮೆ ಒತ್ತಿದರೆ ದೊಡ್ಡಕ್ಷರ ಹತ್ತಿಕೊಂಡುಬಿಡುತ್ತದೆ. ಆಮೇಲೆ ನಾನು ಹೊಡೆದದ್ದೂ ಹೆಂಡತಿ ಹೊಡೆದದ್ದೂ ಎಲ್ಲ ದೊಡ್ಡಕ್ಷರದಲ್ಲೇ ಹೋಗುತ್ತಿತ್ತು. ಕೀಲಿಮಣೆಯ ಸಣ್ಣ ದೀಪ ಆಕೆಗೆ ಕಾಣುತ್ತಿತ್ತು. ಅದಕ್ಕೆ ಅರ್ಥವಿದೆಯೆಂದು ಆಕೆಗೆ ಗೊತ್ತಿರಲಿಲ್ಲ, ಅರ್ಥ ಗೊತ್ತಿದ್ದ ನನಗೆ ದೀಪ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸವೆಂದರೆ, ಸ್ಥಾಪಿಸುವಾಗ ನಾನೇ ಗುರುತು ತೆಗೆದಿದ್ದ 'ಸೈನ್ ಇನ್ ಪರದೆಯಲ್ಲೂ ಎನ್‌ವಿಡಿಎ ಬಳಸು' ಎಂಬ ಆಯ್ಕೆಯನ್ನು ಸಾಮಾನ್ಯ ಸೆಟ್ಟಿಂಗಿನಲ್ಲಿ ಹುಡುಕಿ ಗುರುತು ಹಾಕಿದ್ದು. ಇದಕ್ಕೆ ಆಡಳಿತಗಾರನ ಅಧಿಕಾರ ಬೇಕು. ಖಾತೆ ನನ್ನದೇ ಆದ್ದರಿಂದ ತೊಂದರೆಯಾಗಲಿಲ್ಲ. ಈ ಸಲ ಅನುಮತಿ ಕೇಳುವ ಪರದೆ ಬಂದಾಗ ಅದನ್ನೂ ದನಿ ಓದಿ ಹೇಳಿತು, ಏಕೆಂದರೆ ಈಗ ಇದು ಸ್ಥಾಪಿಸಿದ ಪ್ರತಿ, ಅದಕ್ಕೆ ಸುರಕ್ಷಿತ ಪರದೆಗೂ ಪ್ರವೇಶವಿದೆ. ಯಂತ್ರವನ್ನು ಆರಿಸಿ ಮತ್ತೆ ತೆರೆದೆ. ಸೈನ್ ಇನ್ ಪರದೆಯಲ್ಲೇ ಮಾತು ಬಂತು. ಆದರೆ ಅದು ನನ್ನ ಕನ್ನಡದ ದನಿಯಾಗಿರಲಿಲ್ಲ. ಯಾರೋ ಇಂಗ್ಲಿಷ್ ಹೆಂಗಸು ಸರಸರನೆ ಏನೋ ಹೇಳಿದಳು. ಪಾಸ್‌ವರ್ಡಿನ ಒಂದೊಂದು ಅಕ್ಷರಕ್ಕೂ 'ಸ್ಟಾರ್, ಸ್ಟಾರ್' ಎಂದಳು. ಅಷ್ಟಾದರೂ ಅರ್ಥವಾಯಿತು. ಆದರೆ ಅವಳಿಗೆ ನನ್ನ ಕ್ಯಾಪ್ಸ್ ಲಾಕಿನ ಏರ್ಪಾಡು ಗೊತ್ತಿರಲಿಲ್ಲ. ಬೆರಳು ಮತ್ತೆ ಅದನ್ನೇ ಒತ್ತಿದಾಗ 'ಕ್ಯಾಪ್ಸ್ ಲಾಕ್ ಆನ್' ಎಂದು ಕೂಗಿ ಹೇಳಿದಳು. ಇಷ್ಟು ವಾರ ನನಗೆ ಯಾರೂ ಹೇಳದಿದ್ದ ಮಾತು ಅದು.

ಸೈನ್ ಇನ್ ಪರದೆಯ ಎನ್‌ವಿಡಿಎ ನಮ್ಮ ಖಾತೆಯ ಸೆಟ್ಟಿಂಗನ್ನು ನೋಡುವುದಿಲ್ಲ, ಅದಕ್ಕೆ ಬೇರೆಯೇ ಒಂದು ಕಡತ ಇದೆ. ನಮ್ಮ ಸೆಟ್ಟಿಂಗನ್ನು ಅಲ್ಲಿಗೆ ನಕಲು ಮಾಡುವ ಗುಂಡಿ ಅದೇ ಪುಟದಲ್ಲಿ, ಆ ಚೌಕದ ಕೆಳಗೇ ಇದೆ. ಒತ್ತಿದೆ. ಮತ್ತೆ ತೆರೆದರೆ ಕನ್ನಡ ದನಿ ಬಂತು, ಆದರೆ ಹಿಂದಿನ ದಿನವಷ್ಟೇ ನಾನು ಹೊಂದಿಸಿದ್ದ ವೇಗವೂ ಗಟ್ಟಿತನವೂ ಇರಲಿಲ್ಲ. ಆ ಗುಂಡಿ ನಕಲು ಮಾಡುವುದು ಡಿಸ್ಕಿನಲ್ಲಿ ಉಳಿಸಿರುವ ಸೆಟ್ಟಿಂಗನ್ನು ಮಾತ್ರ. ಎನ್‌ವಿಡಿಎ ರೂಢಿಯಂತೆ ಸೆಟ್ಟಿಂಗು ಉಳಿಸುವುದು ತಾನು ಮುಚ್ಚಿಕೊಳ್ಳುವಾಗ. ನಮ್ಮಲ್ಲಿ ಕರೆಂಟು ಹೋದರೆ ಅದು ಮುಚ್ಚಿಕೊಳ್ಳುವುದಿಲ್ಲ, ಸಾಯುತ್ತದೆ. ಸಂಜೆ ಮಾಡಿದ ಬದಲಾವಣೆ ಬೆಳಿಗ್ಗೆ ಇರದಿದ್ದುದಕ್ಕೂ ಅದೇ ಕಾರಣ. ಎನ್‌ವಿಡಿಎ ಕೀಲಿ, ಕಂಟ್ರೋಲ್, ಸಿ ಒತ್ತಿದರೆ ಆಗಿಂದಾಗಲೇ ಉಳಿಯುತ್ತದೆ. ಮೊದಲು ಅದನ್ನು ಒತ್ತಿ, ಆಮೇಲೆ ನಕಲಿನ ಗುಂಡಿ ಒತ್ತಿದೆ. ಈಗ ಹೊಸ್ತಿಲಲ್ಲಿರುವುದೂ ಒಳಗಿರುವುದೂ ಒಂದೇ ದನಿಯಾಯಿತು, ಕ್ಯಾಪ್ಸ್ ಲಾಕ್ ಕೂಡ ಹೊಸ್ತಿಲಲ್ಲೇ ಅದರ ಕೈಗೆ ಬಂತು.

ಓಣಂ ರಜೆಯಲ್ಲಿ ಮೊಮ್ಮಗಳು ಉಬುಂಟು ಇರುವ ಲ್ಯಾಪ್‌ಟಾಪ್ ತಂದು, ತನ್ನದರಲ್ಲೂ ಮಾತಾಡುವುದು ಇದೆಯೆಂದು ತೋರಿಸಿದಳು. ಆಲ್ಟ್, ಸೂಪರ್, ಎಸ್ ಒತ್ತಿದರೆ ಓರ್ಕಾ ಎಂಬ ಪರದೆವಾಚಕ ಏಳುತ್ತದೆ; ವಿಂಡೋಸ್ ಕೀಲಿಯನ್ನೇ ಅಲ್ಲಿ ಸೂಪರ್ ಎನ್ನುತ್ತಾರೆ. ವಿಂಡೋಸ್‌ನಲ್ಲೂ ಹೀಗೆ ಬೆರಳತುದಿಯಲ್ಲಿ ಕರೆಯಬಹುದಾದ ಒಂದಿದೆ, ನರೇಟರ್. ವಿಂಡೋಸ್, ಕಂಟ್ರೋಲ್, ಎಂಟರ್ ಒತ್ತಿದರೆ ಸೈನ್ ಇನ್ ಪರದೆಯಲ್ಲಿಯೂ ಅದು ಬರುತ್ತದೆ. ಇದು ನನಗೆ ಮೊದಲೇ ಗೊತ್ತಿದ್ದರೆ ಹೆಂಡತಿಯ ಅಡಿಗೆಮನೆಯಿಂದ ಜಗಲಿಗೆ ಎಷ್ಟೋ ಓಡಾಟ ತಪ್ಪುತ್ತಿತ್ತು. ಈಗ ಅದನ್ನು ಕಷ್ಟಕಾಲಕ್ಕೆಂದು ನೆನಪಿಟ್ಟುಕೊಂಡಿದ್ದೇನೆ.

ಆ ಕಷ್ಟಕಾಲ ಒಂದು ಸಲ ಬಂತು ಕೂಡ. ಒಂದು ಬೆಳಿಗ್ಗೆ ಫ್ಯಾನಿನ ಸದ್ದಾಯಿತು, ಎಷ್ಟು ಕಾದರೂ ದನಿಯಿಲ್ಲ. ಪಾಸ್‌ವರ್ಡ್ ಹೊಡೆದೆ, ಇಲ್ಲ. ಕಂಟ್ರೋಲ್, ಆಲ್ಟ್, ಎನ್ ಒತ್ತಿದೆ, ಇಲ್ಲ. ನರೇಟರನ್ನು ಕರೆದೆ, ಅದೂ ಇಲ್ಲ. ಎರಡು ತಿಂಗಳ ಕೆಲಸವೆಲ್ಲ ಹೊಳೆಗೆ ಹೋಯಿತೆಂದು ಬಗೆದು ಅಳಿಯನಿಗೆ ಫೋನು ಮಾಡಲು ಹೊರಟವನು, ಮೊಬೈಲು ಚಾರ್ಜಿಗಿಟ್ಟಿದ್ದ ಕಡೆಗೆ ತಡಕಾಡಿದೆ. ಸ್ಪೀಕರಿನ ಪ್ಲಗ್ಗು ಕಿತ್ತು ಆ ಜಾಗದಲ್ಲಿ ಯಾರೋ ಚಾರ್ಜರು ಚುಚ್ಚಿದ್ದರು. ಎರಡು ದನಿಗಳೂ ಅಷ್ಟು ಹೊತ್ತೂ ಒಂದರ ಮೇಲೊಂದು ಮಾತಾಡುತ್ತಲೇ ಇದ್ದವು. ಪ್ಲಗ್ಗು ಹಾಕಿದ ಕೂಡಲೇ ಎರಡೂ ಒಟ್ಟಿಗೆ ಕೇಳಿಸಿ, ಒಂದನ್ನು ನಿಲ್ಲಿಸುವುದೇ ಸಾಹಸವಾಯಿತು. ಸ್ಪೀಕರಿನ ಪ್ಲಗ್ಗಿಗೆ ಈಗ ಗಮ್ ಟೇಪು ಸುತ್ತಿದ್ದೇನೆ.

ಹೊಸ್ತಿಲಿನ ದನಿಗೆ ನಾನು ನಕಲು ಮಾಡಿಕೊಟ್ಟದ್ದು ಆ ದಿನದ ಸೆಟ್ಟಿಂಗು. ಆಮೇಲೆ ಒಳಗೆ ನಾನು ಎಷ್ಟು ಬದಲಿಸಿದರೂ ಆ ಗುಂಡಿಯನ್ನು ಮತ್ತೆ ಒತ್ತುವವರೆಗೆ ಅದಕ್ಕೆ ತಿಳಿಯುವುದಿಲ್ಲ. ಕಿವಿ ಪಳಗಿದಂತೆ ಒಳಗಿನ ದನಿಯ ವೇಗವನ್ನು ನಾನು ಬಹಳ ಹೆಚ್ಚಿಸಿದ್ದೇನೆ. ಕೇಳಿದವರು ಇದು ಕನ್ನಡವೇ ಎಂದು ಕೇಳುತ್ತಾರೆ. ಸೈನ್ ಇನ್ ಪರದೆಯಲ್ಲಿ ಮಾತ್ರ ಅದು ಇಂದಿಗೂ 2022ರ ವೇಗದಲ್ಲೇ, ಒಂದನೆಯ ತರಗತಿಯ ಹುಡುಗನಿಗೆ ಹೇಳಿದಂತೆ ಒಂದೊಂದೇ ಪದವನ್ನು ಬಿಡಿಸಿ ಹೇಳುತ್ತದೆ. ಆ ಗುಂಡಿಯನ್ನು ನಾನು ಮತ್ತೆ ಒತ್ತಿಲ್ಲ.